ಬಾಡಿದ ಆರ್ಕಿಡ್‌ಗೆ ನೀರು ಹಾಕುವ ಮೊದಲು ಬೇರು ನೋಡಿ

"ಗೃಹಪ್ರವೇಶಕ್ಕೆ ಯಾರೋ ಆರ್ಕಿಡ್ ಕೊಟ್ಟಿದ್ದರು. ಮೂರು ತಿಂಗಳು ಚೆನ್ನಾಗಿತ್ತು. ಈಗ ಎಲೆ ಜೋತು ಬಿದ್ದಿದೆ. ದಿನಾ ನೀರು ಹಾಕ್ತಿದ್ದೀನಿ, ಆದ್ರೂ ಬಾಡ್ತಾನೇ ಇದೆ. ಏನು ಮಾಡ್ಲಿ?"

ಹೆಚ್ಚುಕಮ್ಮಿ ಇದೇ ಮಾತಿನಲ್ಲಿ ಈ ಪ್ರಶ್ನೆ ಎಷ್ಟೋ ಸಲ ಬಂದಿದೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು ಒಮ್ಮೆ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸಿತು. "ದಿನಾ ನೀರು ಹಾಕ್ತಿದ್ದೀನಿ" ಅಂತೀರಲ್ಲ, ಹತ್ತರಲ್ಲಿ ಎಂಟು ಸಲ ಕಾಯಿಲೆ ಅದೇ.

ನಾನಿಲ್ಲಿ ಹೇಳುವುದು ಫಲೆನಾಪ್ಸಿಸ್ ಬಗ್ಗೆ. ಬುಡದಲ್ಲಿ ನಾಲ್ಕೈದು ದಪ್ಪ ಎಲೆ, ಅದರ ನಡುವಿಂದ ಬಾಗಿದ ಉದ್ದ ದಂಟು, ದಂಟಿನ ತುಂಬ ಚಿಟ್ಟೆ ಕೂತ ಹಾಗೆ ಅಗಲ ಹೂ. ಉಡುಗೊರೆಯಾಗಿ ಬರುವುದು ಬಹುತೇಕ ಇದೇ. ನಿಮ್ಮ ಗಿಡಕ್ಕೆ ಕಬ್ಬಿನ ಹಾಗೆ ಗಿಣ್ಣು ಗಿಣ್ಣಾದ ಕಾಂಡ ಇದ್ದರೆ ಅದು ಡೆಂಡ್ರೋಬಿಯಂ. ಅದರ ಹಳೆಯ ಕಾಂಡ ಎಲೆ ಉದುರಿ ಬೋಳಾಗಿ ನಿಂತಿದ್ದರೂ ಸತ್ತಿಲ್ಲ. ಗಿಡ ಅದರಲ್ಲಿ ನೀರು, ಆಹಾರ ಕೂಡಿಟ್ಟುಕೊಂಡಿರುತ್ತದೆ. ಒಣಕಲು ಅಂದುಕೊಂಡು ಕತ್ತರಿಸಬೇಡಿ.

ಎರಡೂ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಜಾತಿ. ಮಲೆನಾಡಿನವರು ಸೀತಾಳೆ ದಂಡೆ ನೋಡಿರುತ್ತೀರಿ, ಅದೂ ಆರ್ಕಿಡ್ಡೇ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಸುಮ್ನೆ ತೊಗಟೆ ಹಿಡಿದು ಕೂತಿರುತ್ತದೆ. ಮಳೆಗಾಲ ಪೂರ್ತಿ ನೆನೆದರೂ ಅದರ ಬೇರು ಕೊಳೆಯುವುದಿಲ್ಲ. ಯಾಕೆಂದರೆ ಬಿದ್ದ ನೀರು ಇಳಿದುಹೋಗುತ್ತದೆ, ಸುತ್ತ ಗಾಳಿ ಆಡುತ್ತದೆ. ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ವೆಲಾಮೆನ್ ಅಂತ ಅದರ ಹೆಸರು. ನೀರು ಸಿಕ್ಕ ಕೂಡಲೇ ಹೀರಿಕೊಂಡು ಹಸಿರಾಗುತ್ತದೆ, ಒಣಗಿದಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದೇ ಬೇರನ್ನು ಗಾಳಿಯಾಡದ ಕುಂಡದಲ್ಲಿ ಸದಾ ಒದ್ದೆಯಾಗಿ ಇಟ್ಟರೆ ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು. ಆಗ ಎಲೆ ಬಾಡುತ್ತದೆ. ಬಾಡಿತಲ್ಲ ಅಂತ ನಾವು ಇನ್ನೊಂದು ಲೋಟ ಹಾಕುತ್ತೇವೆ.

ನೀರಿಲ್ಲದೆ ಬಾಡಿದ ಎಲೆಗೂ ನೀರು ಜಾಸ್ತಿಯಾಗಿ ಬಾಡಿದ ಎಲೆಗೂ ನೋಡಲು ವ್ಯತ್ಯಾಸವೇ ಇಲ್ಲ. ಎರಡೂ ಸುಕ್ಕಾಗುತ್ತವೆ, ಎರಡೂ ಜೋಲುತ್ತವೆ. ವ್ಯತ್ಯಾಸ ಕಾಣುವುದು ಬೇರಿನಲ್ಲಿ ಮಾತ್ರ.

ಹಂತ 1: ನಿಜಕ್ಕೂ ಕಾಯಿಲೆಯಾ?

ಹೂ ಉದುರಿದರೆ ಗಿಡ ಸತ್ತಿತು ಅಂತ ಎಷ್ಟೋ ಜನ ಕಸಕ್ಕೆ ಹಾಕಿಬಿಡುತ್ತಾರೆ. ಅಯ್ಯೋ, ಹಾಗೆ ಮಾಡಬೇಡಿ. ಹೂ ಎರಡು ಮೂರು ತಿಂಗಳು ನಿಂತು ಉದುರುವುದು ಸಹಜ. ಎಲ್ಲಕ್ಕಿಂತ ಕೆಳಗಿನ ಎಲೆ ಒಂದು ಹಳದಿಯಾಗಿ ನಿಧಾನಕ್ಕೆ ಒಣಗಿದರೆ ಅದು ವಯಸ್ಸಾದ ಎಲೆ, ಅಷ್ಟೇ. ಎಳೆಯಬೇಡಿ, ತಾನಾಗಿ ಬಿದ್ದುಹೋಗಲಿ. ಕುಂಡದ ಹೊರಗೆ ಬೇರು ಚಾಚಿದರೂ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಅವನ್ನು ಕತ್ತರಿಸಬೇಡಿ, ಒಳಕ್ಕೂ ತುರುಕಬೇಡಿ.

ಚಿಂತೆ ಮಾಡಬೇಕಾದ ಲಕ್ಷಣಗಳು ಬೇರೆ. ಎರಡು ಮೂರು ಎಲೆ ಒಟ್ಟಿಗೆ ಸುಕ್ಕಾಗಿ ಬಟ್ಟೆಯ ಹಾಗೆ ಜೋಲುವುದು. ಮೇಲಿನ ಎಳೆ ಎಲೆಯೇ ಹಳದಿಯಾಗುವುದು. ಎಲೆಗಳು ಸೇರುವ ನಡುಭಾಗ, ಅಂದರೆ ಗಿಡದ ನೆತ್ತಿ, ಕಪ್ಪಾಗಿ ಮೆತ್ತಗಾಗುವುದು. ಎಲೆ ಮೇಲೆ ನೀರು ತುಂಬಿದ ಬೊಬ್ಬೆಯಂಥ ಕಂದು ಕಲೆ ಎದ್ದು ದಿನದಿಂದ ದಿನಕ್ಕೆ ಹರಡುವುದು. ಕುಂಡ ಅಲ್ಲಾಡಿಸಿದರೆ ಗಿಡ ಬುಡದಲ್ಲೇ ತೂಗಾಡುವುದು.

ಎಲೆಯ ಬಣ್ಣ ಬೆಳಕಿನ ಕಥೆ ಹೇಳುತ್ತದೆ. ಕಡು ಹಸಿರಾಗಿ ಮೆತ್ತಗಿದ್ದರೆ ಬೆಳಕು ಕಮ್ಮಿ. ಅಂಚು ಕೆಂಪು ಛಾಯೆಗೆ ತಿರುಗಿದ್ದರೆ ಬಿಸಿಲು ಜಾಸ್ತಿ. ಒಂದೇ ಕಡೆ ಒಣಗಿದ ಬಿಳಿ ಕಲೆ ಬಿದ್ದು, ಅದು ಹರಡದೆ ಅಲ್ಲೇ ನಿಂತಿದ್ದರೆ ಬಿಸಿಲಿಗೆ ಸುಟ್ಟಿದೆ. ಜಾಗ ಬದಲಿಸಿ, ಸಾಕು. ಆ ಕಲೆ ಮಾತ್ರ ಹೋಗುವುದಿಲ್ಲ.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಹರಿತವಾದ ಕತ್ತರಿ, ಲೈಟರ್, ಹತ್ತಿ, ಮೆಡಿಕಲ್ ಅಂಗಡಿಯ ಸ್ಪಿರಿಟ್, ಅಡುಗೆಮನೆಯ ಚಕ್ಕೆ ಪುಡಿ, ಒಂದು ಬಕೆಟ್ ನೀರು, ಹಳೆ ಪೇಪರ್. ಕತ್ತರಿಯನ್ನು ಜ್ವಾಲೆಗೆ ಹಿಡಿದು ಆರಿಸಿಕೊಳ್ಳಿ. ಎರಡು ಗಿಡ ಇದ್ದರೆ ಮೊದಲನೆಯದು ಮುಗಿದ ಮೇಲೆ ಮತ್ತೆ ಕಾಯಿಸಿ. ಆರ್ಕಿಡ್‌ಗೆ ಬರುವ ವೈರಸ್‌ಗೆ ಮದ್ದಿಲ್ಲ, ಅದು ಹೆಚ್ಚಾಗಿ ಹರಡುವುದು ಕತ್ತರಿಯ ಅಲಗಿನಿಂದ. ಸ್ಪಿರಿಟ್ ಬಾಟಲಿಯನ್ನು ಬೆಂಕಿಯಿಂದ ದೂರ ಇಡಿ.

ಕುಂಡಕ್ಕೆ ತುಂಬಲು ಮಣ್ಣು ಬೇಡವೇ ಬೇಡ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯೂ ಬೇಡ, ಅದು ಒದ್ದೆ ಹಿಡಿದು ಕೂರುತ್ತದೆ. ಬೇಕಾಗುವುದು ದಪ್ಪ ಚೂರುಗಳು. ಪೈನ್ ಮರದ ತೊಗಟೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಇದ್ದಿಲು, ಒಡೆದ ಹೆಂಚಿನ ಚೂರು, ಒಣ ತೆಂಗಿನಕಾಯಿ ಸಿಪ್ಪೆಯ ತುಂಡು, ಮೂರನ್ನೂ ಬೆರೆಸಿ. ತುಂಡು ಹೆಬ್ಬೆಟ್ಟಿನ ಉಗುರಿನಷ್ಟಿರಲಿ. ಇದ್ದಿಲು ಇಸ್ತ್ರಿ ಅಂಗಡಿಯವರ ಹತ್ತಿರ ಕೇಳಿದರೆ ಸಿಗುತ್ತದೆ, ಪುಡಿ ತೊಳೆದು ಹಾಕಿ. ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ. ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಿ. ಮೊದಲ ದಿನದ ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಅದು ತಿಳಿಯಾಗುವವರೆಗೆ ಬಿಡಿ.

ಕುಂಡ ಪಾರದರ್ಶಕವಾಗಿದ್ದರೆ ಬೇರು ಹೊರಗಿಂದಲೇ ಕಾಣುತ್ತದೆ. ದುಬಾರಿ ಕುಂಡ ಬೇಕಿಲ್ಲ. ಜ್ಯೂಸ್ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಲೋಟಕ್ಕೆ ಕಾಯಿಸಿದ ದಬ್ಬಳದಿಂದ ತಳದಲ್ಲಿ, ಪಕ್ಕದಲ್ಲಿ ಹತ್ತು ಹದಿನೈದು ತೂತು ಮಾಡಿ. ಕಿಟಕಿ ತೆರೆದಿಟ್ಟು ಮಾಡಿ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ.

ಹಂತ 3: ಗಿಡ ಹೊರಗೆ ತೆಗೆಯಿರಿ

ಹೆಚ್ಚಿನವರು ಹೆದರುವುದು ಈ ಹಂತಕ್ಕೆ. ಉಳಿದದ್ದೆಲ್ಲ ನಿಂತಿರುವುದೂ ಇದರ ಮೇಲೆ.

ಕುಂಡವನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಬದಿಗಳನ್ನು ಮೆಲ್ಲಗೆ ಹಿಸುಕಿ, ಗಿಡದ ಬುಡ ಹಿಡಿದು ಎಳೆಯಿರಿ. ಪೇಪರ್ ಮೇಲೆ ಇಟ್ಟು ಹಳೆಯ ತೊಗಟೆ ಅಥವಾ ಪಾಚಿಯನ್ನು ಬೆರಳಿಂದ ಬಿಡಿಸಿ. ಅಂಗಡಿಯಿಂದ ಬಂದ ಗಿಡದಲ್ಲಿ ಸಾಮಾನ್ಯವಾಗಿ ಸ್ಫ್ಯಾಗ್ನಮ್ ಪಾಚಿ ಇರುತ್ತದೆ. ಒಣಗಿಸಿದ ಈ ಪಾಚಿ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ.

ಇಲ್ಲೊಂದು ಗುಟ್ಟಿದೆ. ಮೇಲಿನ ತೊಗಟೆ ಖಣಖಣ ಒಣಗಿದ್ದರೂ ಬೇರುಗಳ ನಟ್ಟನಡುವೆ, ಸರಿಯಾಗಿ ಬುಡದ ಕೆಳಗೆ, ಪಾಚಿಯ ಒಂದು ಬಿಗಿ ಉಂಡೆ ಅಡಗಿರುತ್ತದೆ. ಗಿಡ ಸಸಿಯಾಗಿದ್ದಾಗ ನರ್ಸರಿಯಲ್ಲಿ ಬೆಳೆದದ್ದು ಅದರಲ್ಲೇ. ದೊಡ್ಡ ಕುಂಡಕ್ಕೆ ಹಾಕುವಾಗ ಅದನ್ನು ಬಿಡಿಸದೆ ಹಾಗೇ ಇಟ್ಟಿರುತ್ತಾರೆ. ನನ್ನ ಮೊದಲ ಆರ್ಕಿಡ್‌ನಲ್ಲಿ ಅದು ನಿಂಬೆಹಣ್ಣಿನ ಗಾತ್ರ ಇತ್ತು. ಹನ್ನೆರಡು ದಿನದಿಂದ ನೀರು ಹಾಕಿರಲಿಲ್ಲ. ಹಿಂಡಿದರೆ ಕಂದು ನೀರು ಬೆರಳ ಸಂದಿಯಿಂದ ಇಳಿಯಿತು. ಕೊಚ್ಚೆ ವಾಸನೆ. ಅದನ್ನು ಸುತ್ತಿಕೊಂಡಿದ್ದ ಬೇರುಗಳೆಲ್ಲ ಕರಗಿಹೋಗಿದ್ದವು, ಹೊರಗಿದ್ದ ಮೂರು ಮಾತ್ರ ಚೆನ್ನಾಗಿದ್ದವು. ಆ ಉಂಡೆಯನ್ನು ಹುಡುಕಿ. ಚಿಮುಟದಿಂದ ಎಳೆ ಎಳೆಯಾಗಿ ತೆಗೆಯಿರಿ. ಕೆಲವೊಮ್ಮೆ ಅದರ ಸುತ್ತ ಸಣ್ಣ ಬಲೆ ಇರುತ್ತದೆ, ಅದನ್ನೂ ಕತ್ತರಿಸಿ ತೆಗೆಯಿರಿ.

ಈಗ ಬೇರುಗಳನ್ನು ತೊಳೆದು ಒಂದೊಂದನ್ನೂ ಎರಡು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವ ಇದೆ. ಮೆತ್ತಗಾಗಿ ನೀರು ಬಿಟ್ಟರೆ ಕೊಳೆತಿದೆ. ಹಗುರ ಎಳೆದರೆ ಮೇಲಿನ ಪದರ ಒರೆಯ ಹಾಗೆ ಕಳಚಿ ಒಳಗೆ ದಾರ ಮಾತ್ರ ಉಳಿದರೆ ಸತ್ತಿದೆ. ಚಪ್ಪಟೆಯಾಗಿ, ಟೊಳ್ಳಾಗಿ, ಕಾಗದದ ಹಾಗೆ ಇದ್ದರೆ ಅದು ನೀರಿಲ್ಲದೆ ಒಣಗಿ ಸತ್ತದ್ದು.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಬೆಳಕು ಬೀಳದ ಬೇರು ಬಿಳಿಚಿಕೊಂಡು ಹಳದಿಯಾಗಿರುತ್ತದೆ, ತೊಗಟೆಯ ಬಣ್ಣ ಹತ್ತಿ ಕಂದಾಗಿರುತ್ತದೆ. ಅದು ಗಟ್ಟಿಯಾಗಿದ್ದರೆ ಸಾಕು. ಕಂದು ಕಂಡಿತು ಅಂತ ಒಳ್ಳೆ ಬೇರನ್ನೆಲ್ಲ ಕತ್ತರಿಸಿದವರನ್ನು ನೋಡಿದ್ದೇನೆ.

ಹಂತ 4: ಕತ್ತರಿಸಿ

ಸತ್ತದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಅರ್ಧ ಬೇರು ಚೆನ್ನಾಗಿದ್ದರೆ ಆ ಅರ್ಧ ಉಳಿಸಿ. ಕತ್ತರಿಸಿದ ತುದಿಗೆ ಮಾತ್ರ ಚಿಟಿಕೆ ಚಕ್ಕೆ ಪುಡಿ ಮುಟ್ಟಿಸಿ. ಅದು ಗಾಯವನ್ನು ಒಣಗಿಸುತ್ತದೆ. ಒಳ್ಳೆ ಬೇರಿನ ಮೇಲೆ ಉದುರಿಸಿದರೆ ಅದನ್ನೂ ಒಣಗಿಸುತ್ತದೆ. ಆದ್ದರಿಂದ ವಿಭೂತಿ ಬಳಿದ ಹಾಗೆ ಬಳಿಯಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ ಅಂತ ಕೆಲವು ವಿಡಿಯೋಗಳಲ್ಲಿ ಹೇಳುತ್ತಾರೆ. ನೊರೆ ಬರುವುದು ನೋಡಲು ಚೆಂದ. ಎಳೆ ಬೇರಿನ ತುದಿಗೆ ಅದು ಪೆಟ್ಟು, ಬೇಡ.

ಹೂದಂಟು ಇನ್ನೂ ಇದ್ದರೆ, ಮೊಗ್ಗಿದ್ದರೂ ಸರಿ, ಅದನ್ನೂ ತೆಗೆಯಿರಿ. ಮನಸ್ಸಿಗೆ ಕಷ್ಟವಾಗುತ್ತದೆ, ಗೊತ್ತು. ಬೇರಿಲ್ಲದ ಗಿಡ ಎಲೆಯಲ್ಲಿರುವ ನೀರನ್ನೇ ಹೂವಿಗೆ ಕಳಿಸುತ್ತಿರುತ್ತದೆ. ಕತ್ತರಿಸಿದ ದಂಟನ್ನು ಹೂದಾನಿಯಲ್ಲಿ ಇಡಿ, ಎಷ್ಟೋ ದಿನ ಬಾಳುತ್ತದೆ.

ಎಲೆಯ ಮೇಲೆ ಒದ್ದೆ ಕಂದು ಕಲೆ ಇದ್ದರೆ ಅದು ಬ್ಯಾಕ್ಟೀರಿಯಾದ ಕೊಳೆ. ಕಲೆಯಿಂದ ಒಂದೆರಡು ಸೆಂಟಿಮೀಟರ್ ಆಚೆಗೆ, ಹಸಿರು ಭಾಗ ಸೇರಿಸಿ ಕತ್ತರಿಸಿ. ಒಂದೊಂದು ಸಲ ಕತ್ತರಿಸಿದ ಮೇಲೂ ಕತ್ತರಿ ಕಾಯಿಸಿ. ಇದಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದರೆ ಉಪಯೋಗ ಇಲ್ಲ, ಅದು ಬೂಷ್ಟಿನ ಕೊಳೆಗೆ. ಇಲ್ಲಿ ಕೆಲಸ ಮಾಡುವುದು ಕತ್ತರಿ ಮತ್ತು ಒಣ ಗಾಳಿ.

ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಇದೆಯಾ? ಹಿಟ್ಟು ತಿಗಣೆ. ಕಂದು ಮಚ್ಚೆಯಂತೆ ಅಂಟಿಕೊಂಡಿದ್ದು, ಉಗುರಿನಿಂದ ಎಬ್ಬಿಸಿದರೆ ಏಳುತ್ತದಾ? ಚಿಪ್ಪು ಕೀಟ. ಎರಡನ್ನೂ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ವಾರಕ್ಕೊಮ್ಮೆಯಂತೆ ನಾಲ್ಕು ವಾರ. ಒಂದೇ ಸಲಕ್ಕೆ ಹೋಗುವುದಿಲ್ಲ, ಮೊಟ್ಟೆ ಉಳಿದಿರುತ್ತದೆ. ಕುಂಡದಲ್ಲಿ ಇರುವೆ ಸಾಲು ಕಂಡರೆ ಈ ಕೀಟಗಳನ್ನು ಹುಡುಕಿ. ಇವು ಬಿಡುವ ಸಿಹಿ ಅಂಟಿಗಾಗಿ ಇರುವೆಗಳೇ ಇವನ್ನು ಕಾಯುತ್ತವೆ.

ಹಂತ 5: ಎಷ್ಟು ಬೇರು ಉಳಿಯಿತು?

ನಾಲ್ಕು ಅಥವಾ ಹೆಚ್ಚು ಗಟ್ಟಿ ಬೇರಿದ್ದರೆ ನಿಮ್ಮ ಗಿಡ ಬಹುಪಾಲು ಉಳಿಯಿತು. ಬೇರನ್ನು ಕಾಲು ಗಂಟೆ ನೀರಲ್ಲಿ ಇಟ್ಟು, ನೆರಳಲ್ಲಿ ಆರಿಸಿ, ಹೊಸ ಕುಂಡಕ್ಕೆ ಹಾಕಿ. ಕುಂಡ ಬೇರಿಗೆ ಸರಿಹೋಗುವಷ್ಟೇ ಚಿಕ್ಕದಿರಲಿ. "ಬೆಳೆಯಲಿ ಅಂತ ದೊಡ್ಡದು ತಂದೆ" ಅಂದರೆ ಬೇರಿಲ್ಲದ ಕಡೆಯೆಲ್ಲ ನೀರು ನಿಂತು ಹಳೆ ಕಥೆ ಶುರು. ಕೊನೆಯ ಎಲೆಯ ಬುಡ ತೊಗಟೆಯ ಮೇಲೇ ಇರಬೇಕು, ಹೂಳಬೇಡಿ. ಗಿಡ ಅಲ್ಲಾಡದಂತೆ ಕಡ್ಡಿ ಊರಿ ಮೆತ್ತನೆಯ ದಾರದಿಂದ ಕಟ್ಟಿ. ಅಲ್ಲಾಡುತ್ತಿದ್ದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಅಲ್ಲೇ ನಿಂತುಬಿಡುತ್ತದೆ. ಎರಡು ಮೂರು ದಿನ ನೀರು ಹಾಕಬೇಡಿ, ಗಾಯ ಮಾಯಲಿ.

ಒಂದೆರಡು ಬೇರು ಮಾತ್ರ ಇದ್ದರೆ ಇನ್ನೂ ಚಿಕ್ಕ ಕುಂಡ. ತೊಗಟೆಯ ಜೊತೆ ಹಿಂಡಿದ ಪಾಚಿ ಒಂದು ಹಿಡಿ ಸಡಿಲವಾಗಿ ಬೆರೆಸಿ.

ಬೇರೇ ಇಲ್ಲದಿದ್ದರೆ? ಎಲೆ ಇನ್ನೂ ಹಸಿರಾಗಿ, ನೆತ್ತಿ ಗಟ್ಟಿಯಾಗಿದ್ದರೆ ಪ್ರಯತ್ನ ಮಾಡಬಹುದು. ಮುಚ್ಚಳ ಇರುವ ಪಾರದರ್ಶಕ ಡಬ್ಬಿ ತಗೊಳ್ಳಿ. ತಳಕ್ಕೆ ಒದ್ದೆ ಮಾಡಿ ಬಿಗಿಯಾಗಿ ಹಿಂಡಿದ ಪಾಚಿ ಹರಡಿ. ಗಿಡದ ಬುಡ ಪಾಚಿಯ ಹತ್ತಿರ ಇರಲಿ, ಮುಳುಗದಿರಲಿ. ಮುಚ್ಚಳ ಹಾಕಿ, ನೇರ ಬಿಸಿಲು ತಾಗದ ಬೆಳಕಿನ ಜಾಗದಲ್ಲಿಡಿ. ಬಿಸಿಲಿಗಿಟ್ಟರೆ ಇಡ್ಲಿ ಪಾತ್ರೆಯೇ. ಎರಡು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಮುಚ್ಚಳ ತೆಗೆದು ಗಾಳಿ ಆಡಿಸಿ, ಬೂಷ್ಟು ಕಂಡರೆ ಪಾಚಿ ಬದಲಿಸಿ. ಬೇರು ಮೂಡಲು ಎರಡು ಮೂರು ತಿಂಗಳು ಹಿಡಿಯಬಹುದು. ಎಲ್ಲವೂ ಬದುಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನೆತ್ತಿ ಕೊಳೆತಿದ್ದರೆ ಆ ಗಿಡಕ್ಕೆ ಮೇಲಿಂದ ಹೊಸ ಎಲೆ ಬರುವುದಿಲ್ಲ, ಅದಕ್ಕೆ ಬೆಳೆಯುವ ಜಾಗ ಅದೊಂದೇ. ಆದರೂ ಬೇರು ಚೆನ್ನಾಗಿದ್ದರೆ ಎಸೆಯಬೇಡಿ. ನೆತ್ತಿಯ ಕೊಳೆ ಕೆರೆದು ಚಕ್ಕೆ ಪುಡಿ ತುಂಬಿ ಒಣಗಲು ಬಿಡಿ. ಕೆಲವು ಗಿಡ ಬುಡದ ಪಕ್ಕದಿಂದ ಮರಿ ಹಾಕುತ್ತವೆ. ಬೆಳೆಗಾರರು ಇದನ್ನು ಕೀಕಿ ಅನ್ನುತ್ತಾರೆ, ಹವಾಯಿ ಭಾಷೆಯಲ್ಲಿ ಮಗು ಅಂತ ಅರ್ಥ.

ಹಂತ 6: ನೀರು, ಈ ಸಲ ಸರಿಯಾಗಿ

"ವಾರಕ್ಕೆ ಎಷ್ಟು ಸಲ?" ಅಂತ ಕೇಳಬೇಡಿ. ಬೇರು ಬೂದಿ ಬಣ್ಣಕ್ಕೆ ಬಂದಾಗ ಹಾಕಿ, ಹಸಿರಿದ್ದಾಗ ಬೇಡ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದು ನಾಲ್ಕು ದಿನಕ್ಕೆ ಆಗಬಹುದು, ಜುಲೈನ ಜಿಟಿಜಿಟಿ ಮಳೆಯಲ್ಲಿ ಹತ್ತು ದಿನವಾದರೂ ಆಗದಿರಬಹುದು. ಮಂಗಳೂರಿನಲ್ಲಿ ಇನ್ನೂ ನಿಧಾನ. ಚಳಿ ದೇಶದಲ್ಲಿ ಹೀಟರ್ ಹಾಕಿಕೊಂಡು ಇರುವವರ ಮನೆಯಲ್ಲಿ ಚಳಿಗಾಲದಲ್ಲೂ ಬೇಗ ಒಣಗುತ್ತದೆ.

ಹಾಕುವಾಗ ಬೆಳಿಗ್ಗೆ ಹಾಕಿ. ಕುಂಡವನ್ನು ಬಕೆಟ್‌ನಲ್ಲಿ ಹತ್ತು ನಿಮಿಷ ಇಟ್ಟು ತೆಗೆದು, ಪೂರ್ತಿ ಸೋರಿದ ಮೇಲೆ ಜಾಗಕ್ಕಿಡಿ. ಒಂದೇ ಬಕೆಟ್‌ನಲ್ಲಿ ಎಲ್ಲ ಗಿಡಗಳನ್ನೂ ಅದ್ದಬೇಡಿ, ರೋಗ ಹಂಚಿದ ಹಾಗೆ. ನೆತ್ತಿಯಲ್ಲಿ ನೀರು ನಿಂತರೆ ಹತ್ತಿಯಿಂದ ಹೀರಿ ತೆಗೆಯಿರಿ. ಕುಂಡದ ಹೊರಗಿನ ಅಲಂಕಾರದ ಪಿಂಗಾಣಿ ಪಾತ್ರೆ ಒಮ್ಮೆ ಎತ್ತಿ ನೋಡಿ. ಅದರ ತಳದಲ್ಲಿ ಎರಡು ಬೆರಳು ನೀರು ನಿಂತಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನೀರಿನ ಗುಣವೂ ಮುಖ್ಯ. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಬೇರಿನ ತುದಿ ಕಪ್ಪಾಗುತ್ತದೆ. ಗಡಸು ನೀರನ್ನು ಮೃದು ಮಾಡುವ ಸಾಫ್ಟನರ್ ನೀರು ಇನ್ನೂ ಕೆಟ್ಟದ್ದು, ಅದರಲ್ಲಿ ಸೋಡಿಯಂ ಸೇರಿರುತ್ತದೆ. ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರು ವ್ಯರ್ಥವಾಗದಿರಲಿ ಅಂತ ಗಿಡಕ್ಕೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಫಿಲ್ಟರ್ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ. ಅದರಿಂದ ನೆಲ ಒರೆಸಿ. ಆರ್ಕಿಡ್‌ಗೆ ಕುಡಿಯುವ ನೀರನ್ನೇ ಕೊಡಿ.

ಹಂತ 7: ಜಾಗ

ಪೂರ್ವದ ಕಿಟಕಿ. ಬೆಳಗಿನ ಎಳೆಬಿಸಿಲು ಬಿದ್ದರೆ ತೊಂದರೆ ಇಲ್ಲ. ಪಶ್ಚಿಮದ ಕಿಟಕಿಯಾದರೆ ತೆಳು ಪರದೆ ಬೇಕು. ಮಧ್ಯಾಹ್ನ ಎಲೆಯ ಮೇಲೆ ಕೈ ಹಿಡಿಯಿರಿ. ನೆರಳು ಮಸುಕಾಗಿ ಬಿದ್ದರೆ ಬೆಳಕು ಸರಿ ಇದೆ, ಅಚ್ಚೊತ್ತಿದ ಹಾಗೆ ಬಿದ್ದರೆ ಬಿಸಿಲು ಜಾಸ್ತಿ, ನೆರಳೇ ಇಲ್ಲದಿದ್ದರೆ ಬೆಳಕು ಸಾಲದು. ಕಲಬುರಗಿ, ಬಳ್ಳಾರಿ ಕಡೆಯ ಬೇಸಿಗೆ ಈ ಗಿಡಕ್ಕೆ ನಿಜಕ್ಕೂ ಕಷ್ಟ. ಮನೆಯ ತಂಪಾದ ಕೋಣೆಯೇ ಗತಿ. ಫ್ಯಾನಿನ ನೇರ ಗಾಳಿ ಬೇಡ. ಹಣ್ಣಿನ ಬುಟ್ಟಿಯ ಪಕ್ಕವೂ ಬೇಡ. ಮಾಗುವ ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತದೆ.

ಹಂತ 8: ಗೊಬ್ಬರ, ಆದರೆ ಈಗಲ್ಲ

ಕಾಯಿಲೆ ಗಿಡಕ್ಕೆ ಗೊಬ್ಬರ ಹಾಕುವುದು ಜ್ವರ ಬಂದವನಿಗೆ ಒಬ್ಬಟ್ಟು ಬಡಿಸಿದ ಹಾಗೆ. ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಕಾಯಿರಿ. ಆಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವಂಥದ್ದು), ಲೀಟರ್ ನೀರಿಗೆ ಅರ್ಧ ಗ್ರಾಂ, ಎರಡು ವಾರಕ್ಕೊಮ್ಮೆ. ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣ ಹೊಲದ ಬೆಳೆಗೆ, ಅದನ್ನು ನೋಡಬೇಡಿ. ತಿಂಗಳಿಗೊಮ್ಮೆ ಬರೀ ನೀರು ಧಾರಾಳವಾಗಿ ಹರಿಸಿ, ಉಳಿದ ಉಪ್ಪು ತೊಳೆದುಹೋಗಲಿ. ಸಗಣಿ ಗೊಬ್ಬರ, ಅಕ್ಕಿ ತೊಳೆದ ನೀರು, ಚಹಾ ಚರಟ ಇದ್ಯಾವುದೂ ಬೇಡ. ತೊಗಟೆಯ ನಡುವೆ ಕೂತು ಹುಳಿತು ನೊಣ ಕರೆಯುತ್ತವೆ.

ಹಂತ 9: ಕಾಯುವುದು

ಮೊದಲ ತಿಂಗಳು ಏನೂ ಆಗದ ಹಾಗೆ ಕಾಣುತ್ತದೆ. ಇನ್ನೊಂದು ಎಲೆ ಹೋಗಲೂಬಹುದು. ಬೇರು ಬಂತಾ ಅಂತ ಮತ್ತೆ ಮತ್ತೆ ಕಿತ್ತು ನೋಡಬೇಡಿ. ಸುಕ್ಕಾದ ಹಳೆ ಎಲೆ ಎಷ್ಟೋ ಸಲ ಮೊದಲಿನಂತೆ ಆಗುವುದೇ ಇಲ್ಲ. ಚೇತರಿಕೆ ಅಳೆಯಬೇಕಾದ್ದು ಹೊಸ ಬೇರು, ಹೊಸ ಎಲೆಯಿಂದ. ಒಂದೂವರೆ ಎರಡು ತಿಂಗಳಿಗೆ ಬುಡದಲ್ಲಿ ಬೇರಿನ ತುದಿ ಇಣುಕಿದರೆ ಗಿಡ ದಾರಿಗೆ ಬಂತು. ಹೂವಿಗೆ ಒಂದು ವರ್ಷ, ಕೆಲವೊಮ್ಮೆ ಎರಡು.

ರಾತ್ರಿಗಳು ಕೆಲವು ವಾರ ತಂಪಾಗಿದ್ದರೆ ಫಲೆನಾಪ್ಸಿಸ್ ಹೂದಂಟು ಬಿಡುತ್ತದೆ. ಬೆಂಗಳೂರು, ಮೈಸೂರಿನವರಿಗೆ ನವೆಂಬರ್, ಡಿಸೆಂಬರ್ ಚಳಿಯೇ ಸಾಕು, ಗಿಡವನ್ನು ಕಿಟಕಿಯ ಹತ್ತಿರ ಇಡಿ. ಎಲೆಯ ಸಂದಿಯಿಂದ ಏನೋ ಹೊರಟರೆ ಬೇರೋ ದಂಟೋ ಅಂತ ಅನುಮಾನ ಬರುತ್ತದೆ. ತುದಿ ಉರುಟಾಗಿ, ನುಣ್ಣಗೆ ಹೊಳೆಯುತ್ತಿದ್ದರೆ ಬೇರು. ಚಪ್ಪಟೆಯಾಗಿ, ಒಂದು ಬದಿಗೆ ಸಣ್ಣ ಹೆಬ್ಬೆರಳು ಇರುವ ಕೈಗವಸಿನ ಆಕಾರದಲ್ಲಿದ್ದು, ಮೇಲಕ್ಕೆ ಮುಖ ಮಾಡಿದ್ದರೆ ದಂಟು. ಗಿಡಕ್ಕೆ ಎರಡೇ ಎಲೆ ಇದ್ದರೆ ಈ ಸಲ ಅದನ್ನು ಚಿವುಟಿಬಿಡಿ. ಮೂರು ನಾಲ್ಕು ಗಟ್ಟಿ ಎಲೆ ಇದ್ದರೆ ಬೆಳೆಯಲು ಬಿಡಿ. ಒಂದು ಗೇಣು ಆದ ಮೇಲೆ ಕಡ್ಡಿಗೆ ಸಡಿಲವಾಗಿ ಕಟ್ಟಿ. ಅಲ್ಲಿಂದ ಮುಂದೆ ಕುಂಡವನ್ನು ತಿರುಗಿಸಬೇಡಿ. ದಂಟು ಬೆಳಕಿನ ಕಡೆಗೆ ವಾಲುತ್ತ ಬೆಳೆಯುತ್ತದೆ, ನೀವು ವಾರಕ್ಕೊಮ್ಮೆ ದಿಕ್ಕು ಬದಲಿಸಿದರೆ ಅಂಕುಡೊಂಕಾಗಿ ಹೂಗಳೆಲ್ಲ ಒಂದೊಂದು ಕಡೆ ನೋಡುತ್ತವೆ.